ಶೈಲಾ ಕಾಕುವಿನ ಬಸವನಹುಳುಗಳು

ನಾನು ಸಣ್ಣವಳಿದ್ದಾಗ ನಮ್ಮ ಪಡಸಾಲೆಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ಬನಹಟ್ಟಿಯ ನಮ್ಮ ಓಣಿಯಲ್ಲಿ ಅಂಥದ್ದನ್ನು ಇನ್ನೊಂದು ಮನೆಯಲ್ಲಿ ನಾನು ನೋಡಿರಲಿಲ್ಲ. ಪಡಸಾಲೆಯ ಗೋಡೆಗೆ ಹತ್ತಿಕೊಂಡೇ ಅಪ್ಪನ ಮಗ್ಗದ ಖೋಲಿ. ನಾಲ್ಕು ಮಗ್ಗಗಳು ಒಮ್ಮೆಲೇ ಶುರುವಾದರೆ ಮನೆಯ ಪಾತ್ರೆಗಳೆಲ್ಲ ಸಣ್ಣಗೆ ಗುಂಯ್‌ಗುಡುತ್ತಿದ್ದವು, ತೊಟ್ಟಿಯ ನೀರಿನ ಮೇಲೂ ಒಂದು ನಡುಕ ಹರಿಯುತ್ತಿತ್ತು. ನಾವು ಆ ಸದ್ದಿನಲ್ಲೇ ಉಣ್ಣುತ್ತಿದ್ದೆವು, ಆ ಸದ್ದಿನಲ್ಲೇ ಜಗಳಾಡುತ್ತಿದ್ದೆವು. ಅದರ ಮೇಲೆ ದನಿ ಏರಿಸಿ ಏರಿಸಿ ನಮ್ಮ ಮನೆಯವರಿಗೆ ಇವತ್ತಿಗೂ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಮೆಲ್ಲಗೆ ಮಾತಾಡುತ್ತಿದ್ದವಳು ಶೈಲಾ ಕಾಕು ಒಬ್ಬಳೇ. ಅಪ್ಪನ ತಮ್ಮ ಮಲ್ಲೇಶಿ ಕಾಕಾನ ಹೆಂಡತಿ. ಮುಧೋಳದವಳು, ಮೆಟ್ರಿಕ್ ಮುಗಿಸಿದವಳು. ಮದುವೆಯಾಗಿ ಬಂದು ಏಳು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ.

ಕಾಕಾ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಹಾಲು ಪರೀಕ್ಷೆ ಮಾಡುವ ಕೆಲಸಕ್ಕಿದ್ದ. ಅಲ್ಲಿಯ ಸಾಹೇಬರೊಬ್ಬರಿಗೆ ಬದಲಿಯಾದಾಗ ಅವರ ಮನೆಯ ಮೀನಿನ ತೊಟ್ಟಿಯನ್ನು ಒಯ್ಯಲಾಗದೆ ಕಾಕಾನಿಗೆ ಕೊಟ್ಟರು. ಅವನು ಅದನ್ನು ಟೆಂಪೋದಲ್ಲಿ, ಗೋಣಿಚೀಲದ ಮೇಲೆ ಇಟ್ಟುಕೊಂಡು, ತಾನೇ ಎರಡೂ ಕೈಯಿಂದ ಹಿಡಿದು ಕೂತು ತಂದ. ಹೆಂಡತಿಗೆ ಅವನು ತಂದುಕೊಟ್ಟ ವಸ್ತುಗಳಲ್ಲಿ ನನಗೆ ನೆನಪಿರುವುದು ಅದೊಂದೇ. ಆರು ಕೆಂಪು ಮೀನು, ಒಂದಿಷ್ಟು ನೀರಿನ ಸಸಿ, ತಳದಲ್ಲಿ ನಾಲ್ಕು ಬಸವನಹುಳುಗಳು. ಅವುಗಳ ಚಿಪ್ಪು ಹಳದಿ, ಹೊಸ ಬೆಲ್ಲದ ಬಣ್ಣ. ಮೀನುಗಳು ತಿಂಗಳೊಳಗೆ ಒಂದೊಂದಾಗಿ ಸತ್ತವು. ನಮ್ಮ ನೀರು ಅವಕ್ಕೆ ಒಗ್ಗಲಿಲ್ಲ. ಹುಳುಗಳು ಮಾತ್ರ ಉಳಿದವು. ಅಪ್ಪನ ತಾಯಿ, ನಮ್ಮ ಆಯಿ, ಮೊದಲ ದಿನದಿಂದಲೂ ತೊಟ್ಟಿಯನ್ನು ಹೊರಗೆ ಹಾಕಿಸಬೇಕು ಎನ್ನುತ್ತಿದ್ದಳು. ದಿನಾ ಲಿಂಗಪೂಜೆ ಮಾಡಿಕೊಂಡೇ ಬಾಯಿಗೆ ನೀರು ಹಾಕುವ ಮುದುಕಿ, ಮನೆಯೊಳಗೆ ಮೀನು ಸಾಯುವುದನ್ನು ಹೇಗೆ ಸಹಿಸಿಯಾಳು? ಕೊನೆಯ ಮೀನನ್ನು ಹಿತ್ತಲಲ್ಲಿ ಹುಗಿದ ದಿನ ಆಕೆ ಪಡಸಾಲೆಯ ನಡುವೆ ನಿಂತು ಹೇಳಿದಳು:

"ಸಾಕಿನ್ನ. ಆ ಹುಳಾನೂ ಒಯ್ದು ಹಳ್ಳಕ್ಕ ಒಗೀರಿ."

"ಅವು ಹುಳ ಅಲ್ರಿ ಅತ್ತಿ, ಬಸವನಹುಳ," ಅಂದಳು ಕಾಕು. "ಬಸವಣ್ಣನ ಹೆಸರ ಐತ್ರಿ ಅವಕ್ಕ. ಕೋಡ ನೋಡ್ರಿ."

ಆಯಿ ಬಗ್ಗಿ ನೋಡಿದಳು. ಒಂದು ಹುಳು ಗಾಜಿಗೆ ಹತ್ತಿಕೊಂಡು ಮೇಲೇರುತ್ತಿತ್ತು, ಎರಡು ಕೋಡು ಮುಂದೆ ಚಾಚಿ. ಆಯಿ ಕೈ ಎತ್ತಿ ಅರ್ಧ ಮುಗಿದಂತೆ ಮಾಡಿ ಒಳಗೆ ಹೋದಳು. ಹೆಸರೊಂದೇ ಅವನ್ನು ಉಳಿಸಿತು.

ಆಗ ನನಗೆ ಹತ್ತು ವರ್ಷ. ಅವ್ವ ಹಿರಿಯ ಸೊಸೆ, ಮೂರು ಮಕ್ಕಳ ತಾಯಿ. ಅಡಿಗೆ ಮುಗಿಸಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕುಂತರೆ ಆಕೆಗೆ ನಮ್ಮ ಕಡೆ ನೋಡಲೂ ಪುರುಸೊತ್ತು ಇರುತ್ತಿರಲಿಲ್ಲ. ನನ್ನ ತಲೆ ಹಿಕ್ಕಿ ಜಡೆ ಹಾಕುತ್ತಿದ್ದವಳು, ಗಣಿತ ಹೇಳಿಕೊಡುತ್ತಿದ್ದವಳು ಕಾಕು. ಸಾಲೆ ಬಿಟ್ಟು ಬಂದು ಪಾಟಿಚೀಲ ಒಗೆದು ನಾನು ಮೊದಲು ಹೋಗುತ್ತಿದ್ದುದು ತೊಟ್ಟಿಯ ಹತ್ತಿರ. ಇಬ್ಬರೂ ಕೂಡಿ ಸೌತೆಕಾಯಿಯ ಹೋಳನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ದಾರಕ್ಕೆ ಕಟ್ಟಿ ಇಳಿಬಿಡುತ್ತಿದ್ದೆವು. ಹುಳುಗಳಿಗೆ ಅದರ ವಾಸನೆ ತಿಳಿಯಲು ಸ್ವಲ್ಪ ಹೊತ್ತು ಬೇಕು. ಆಮೇಲೆ ನಾಲ್ಕೂ ದಿಕ್ಕಿನಿಂದ ಹೊರಡುತ್ತಿದ್ದವು. ಗಾಜಿನ ಮೇಲೆ ಏರುವಾಗ ಅವುಗಳ ಬಾಯಿ ನಮಗೆ ಎದುರಾಗಿ ಕಾಣುತ್ತಿತ್ತು, ಪಾಚಿಯನ್ನು ಕೆರೆಕೆರೆದು ತಿನ್ನುತ್ತ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮೇಲೆ ಬಂದು ಸಣ್ಣ ನಳಿಗೆಯಂಥದ್ದನ್ನು ನೀರಿನಾಚೆ ಚಾಚಿ ಗಾಳಿ ಎಳೆಯುತ್ತಿದ್ದವು. ಬೆರಳು ಮುಟ್ಟಿಸಿದರೆ ಒಳಗೆ ಸೇರಿ ಚಿಪ್ಪಿನ ಬಾಗಿಲು ಹಾಕಿಕೊಂಡು ದುಡುಂ ಎಂದು ತಳಕ್ಕೆ ಬೀಳುತ್ತಿದ್ದವು. ಕಾಕು ನನ್ನ ಕೈಗೆ ಮೆಲ್ಲಗೆ ಹೊಡೆಯುತ್ತಿದ್ದಳು.

"ಹಂಗ ಮುಟ್ಟಬಾರ್ದು ಗೌರಿ. ತಾನ ಬರೂತನ ಕಾಯಬೇಕು."

ಕಾಯುವುದು ಆಕೆಗೆ ಚೆನ್ನಾಗಿ ಬರುತ್ತಿತ್ತು. ಏಳು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಸೋಮವಾರ ಒಪ್ಪತ್ತು, ಮಹಾಲಿಂಗಪುರದ ಡಾಕ್ಟರ ಗುಳಿಗೆ, ಯಾರೋ ಹೇಳಿದ ಬೇರು, ಇನ್ಯಾರೋ ಹೇಳಿದ ಹರಕೆ. ಯಾರ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ಕಾರ್ಯವಿದ್ದರೂ ಆಯಿ ಅವ್ವನನ್ನು ಕರೆದೊಯ್ಯುತ್ತಿದ್ದಳು, ಕಾಕುವಿಗೆ ಮನೆಯಲ್ಲಿ ಏನಾದರೂ ಕೆಲಸ ಹೇಳಿ ಹೋಗುತ್ತಿದ್ದಳು. ಆ ವರ್ಷದ ಉಗಾದಿಯ ಹೊತ್ತಿಗೆ ಊಟದ ಹೊತ್ತಿನಲ್ಲಿ ಬೀಳಗಿಯ ಮಾತು ಬರತೊಡಗಿತು. ಬೀಳಗಿ ಕಡೆ ಒಂದು ಹುಡುಗಿ ಇದೆ, ಮನೆತನ ಛಲೋ, ಎರಡನೆಯ ಸಂಬಂಧವಾದರೂ ಕೊಡುತ್ತಾರೆ. ಕಾಕು ರೊಟ್ಟಿ ಬಡಿಯುತ್ತಿರುವಾಗಲೇ, ಆಕೆಯ ಕಿವಿಗೆ ಬೀಳುವಂತೆಯೇ ಆ ಮಾತು. ಒಂದು ಸಲ ಕಾಕಾ ತಟ್ಟೆಯ ಮುಂದಿನಿಂದ ಎದ್ದುಬಿಟ್ಟ.

"ಯವ್ವಾ, ಊಟಕ್ಕ ಕುಂತಾಗರ ಸುಮ್ಮನಿರಬೇ."

"ನಾ ಸುಮ್ಮನಿರ್ತೇನಿ. ನೀ ಸತ್ತರ ನಿನಗ ಯಾರ ನೀರ ಬಿಡ್ತಾರ ಹೇಳು, ಸುಮ್ಮನಾಗ್ತೇನಿ," ಅಂದಳು ಆಯಿ.

ಕಾಕಾ ಕೈ ತೊಳೆದು ಹೊರಗೆ ಹೋದ. ಅವನ ಪ್ರತಿಭಟನೆ ಯಾವಾಗಲೂ ಅಷ್ಟೇ, ಎದ್ದು ಹೋಗುವುದು. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅಪ್ಪ ತಲೆ ಎತ್ತಲಿಲ್ಲ. ಅವ್ವ ನನ್ನ ತಟ್ಟೆಗೆ ಶೇಂಗಾ ಚಟ್ನಿ ಹಾಕಿ, ಉಣ್ಣು ಎಂಬಂತೆ ಕಣ್ಣು ಮಾಡಿದಳು.

ಆ ಬೇಸಿಗೆಯ ಒಂದು ಬೆಳಿಗ್ಗೆ ತೊಟ್ಟಿಯ ಗಾಜಿನ ಮೇಲೆ, ನೀರಿಗಿಂತ ನಾಲ್ಕು ಬೆರಳು ಮೇಲೆ, ಗುಲಾಬಿ ಬಣ್ಣದ ಒಂದು ಗೊಂಚಲು ಅಂಟಿಕೊಂಡಿತ್ತು. ಹಿಪ್ಪುನೇರಳೆ ಹಣ್ಣಿನಷ್ಟು ಉದ್ದ, ಒಂದಕ್ಕೊಂದು ಹತ್ತಿದ ಸಣ್ಣ ಸಣ್ಣ ಕಾಳು. ಕಾಕು ಬಹಳ ಹೊತ್ತು ನೋಡಿದಳು. ಅದು ತತ್ತಿ ಎಂದು ನನಗೆ ಹೇಳುವಾಗ ಆಕೆಯ ದನಿ ಇನ್ನೂ ಸಣ್ಣದಾಗಿತ್ತು. ಬೇಸಿಗೆಯ ಬಿಸಿಗೆ ಒಣಗಬಾರದೆಂದು ಹಳೆಯ ಧೋತರದ ಅರಿವೆಯನ್ನು ತೋಯಿಸಿ ತೊಟ್ಟಿಯ ಬಾಯಿಗೆ ಹೊದಿಸಿದಳು. ತಾಸಿಗೊಮ್ಮೆ ಬಂದು ನೀರು ಚಿಮುಕಿಸಿ ಹೋಗುತ್ತಿದ್ದಳು. ಮೂರನೆಯ ವಾರ ಗುಲಾಬಿ ಬಣ್ಣ ಬೂದಿಗೆ ತಿರುಗಿದಾಗ, ಎಲ್ಲ ಹಾಳಾಯಿತು ಎಂದು ನಾನು ಅತ್ತೆ. ಅದರ ಮರುದಿನ ಮರಿಗಳು ಹೊರಬಿದ್ದವು. ಜೋಳದ ನುಚ್ಚಿನಷ್ಟು ಸಣ್ಣವು, ಆದರೆ ಪ್ರತಿಯೊಂದರ ಬೆನ್ನಿಗೂ ಚಿಪ್ಪು, ಪ್ರತಿಯೊಂದಕ್ಕೂ ಕೋಡು. ನೂರಕ್ಕಿಂತ ಹೆಚ್ಚಿದ್ದವು. ನಾವು ಎಣಿಸಲು ಹೋಗಿ ಎರಡು ಸಲ ತಪ್ಪಿ, ನಗುತ್ತ ಬಿಟ್ಟುಬಿಟ್ಟೆವು. ಕಾಕು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅವತ್ತು.

ಆಯಿಗೆ ನಾನೇ ಓಡಿಹೋಗಿ ಹೇಳಿದೆ. ಆಕೆ ಬಂದಳು, ಸೆರಗಿನಿಂದ ಕಣ್ಣು ಒರೆಸಿಕೊಂಡು ನೋಡಿದಳು, ಗಾಜಿಗೆ ಹಣೆ ಹಚ್ಚಿ ನೋಡಿದಳು. ಆಮೇಲೆ ದೇವರ ಮನೆಗೆ ಹೋಗಿ ವಿಭೂತಿ ತಂದು ತೊಟ್ಟಿಗೆ ಮೂರು ಬೆರಳು ಎಳೆದಳು.

"ಶೈಲಾ, ಬಾ ಇಲ್ಲೆ. ಮನ್ಯಾಗ ಬಸವಣ್ಣನ ಸಂತಾನ ಬೆಳದೈತಿ. ನಿನ್ನ ಕೈಯಾಗ ಬೆಳದೈತಿ. ಇನ್ನ ನಿನಗೂ ಆಗತೈತಿ ನೋಡು."

ಆಕೆ ಅದನ್ನು ಪೂರ್ತಿ ನಂಬಿದ್ದಳು. ಬೀಳಗಿಗೆ ಹೇಳಿಕಳಿಸಿ, ಈ ವರ್ಷ ಬೇಡ, ಮುಂದೆ ನೋಡೋಣ ಎಂದು ಮಾತು ನಿಲ್ಲಿಸಿದಳು. ಓಣಿಯ ಹೆಂಗಸರನ್ನು ಕರೆದು ತೋರಿಸಿದಳು. ಆ ಎರಡು ತಿಂಗಳು ನಮ್ಮ ಮನೆಯ ಊಟದಲ್ಲಿ ಜಗಳವಿರಲಿಲ್ಲ. ಕೆನೆಮೊಸರಿನ ಗಡಿಗೆಯನ್ನು ಆಯಿ ಮೊದಲು ಕಾಕುವಿನ ತಟ್ಟೆಯ ಕಡೆ ಸರಿಸುತ್ತಿದ್ದಳು. ನನಗೆ ಇದೆಲ್ಲದರ ಅರ್ಥ ಆಗುತ್ತಿತ್ತು. ಹತ್ತು ವರ್ಷದವಳಿಗೆ ಏನು ತಿಳಿದೀತು ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಅದು ಸುಳ್ಳು. ಆ ಹುಳುಗಳು ಇರುವತನಕ ಕಾಕು ಇರುತ್ತಾಳೆ ಎಂದು ನನಗೆ ಸರಿಯಾಗಿ ತಿಳಿದಿತ್ತು.

ಮರಿಗಳು ದೊಡ್ಡವಾಗುತ್ತ ಬಂದಂತೆ ಅವುಗಳ ಚಿಪ್ಪಿನ ತುದಿ ಬೆಳ್ಳಗಾಗಿ ಸವೆಯತೊಡಗಿತು. ಕೆಲವುಗಳಲ್ಲಿ ಸೂಜಿ ಚುಚ್ಚಿದಂತೆ ತೂತು. ಕಾಕು ಒಂದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು.

"ಸುಣ್ಣ ಕಡಿಮಿ ಬಿದ್ದೈತಿ ಗೌರಿ. ಚಿಪ್ಪಂದ್ರ ಸುಣ್ಣ ಅಲ್ಲೇನು? ಸಾಲ್ಯಾಗ ಖಡು ಬಿದ್ದಿರತಾವಲ್ಲ, ತುಕಡಿ, ಅವನ್ನ ಆರಿಸಿಕೊಂಡ ಬಾ."

ಬೋರ್ಡಿನ ಮೇಲೆ ಬರೆಯುವ ಖಡುವಿನ ತುಂಡುಗಳನ್ನು ನಾನು ದಿನಾ ಆರಿಸಿ ತರುತ್ತಿದ್ದೆ. ಕಾಕು ಅವನ್ನು ಒರಳಲ್ಲಿ ಅರೆದು ಚಿಟಿಕೆ ಚಿಟಿಕೆ ನೀರಿಗೆ ಹಾಕುತ್ತಿದ್ದಳು. ತಳದಲ್ಲಿ ಬಿಳಿ ಪದರು ಕೂತಿತು, ಹುಳುಗಳು ಅದರ ಮೇಲೆ ಗೆರೆ ಎಳೆಯುತ್ತ ಹೋಗುತ್ತಿದ್ದವು. ಒಂದು ದಿನ ಮಾಸ್ತರರು ನನ್ನ ಕಿಸೆಯಲ್ಲಿ ಖಡು ಕಂಡು, ಕದ್ದಿದ್ದೇನೆಂದು ತಿಳಿದು, ಎಲ್ಲರ ಮುಂದೆ ನಿಲ್ಲಿಸಿದರು. ಅವತ್ತಿನಿಂದ ಖಡು ತರುವುದು ನಿಂತಿತು. ನಾಚಿಕೆಯಿಂದ ನಾನು ಕಾಕುವಿಗೆ ಅದನ್ನು ಹೇಳಲಿಲ್ಲ, ಸಿಗಲಿಲ್ಲ ಎಂದೆ.

ಆಗಲೇ ಮುಧೋಳದಿಂದ ಕರೆ ಬಂತು. ಕಾಕುವಿನ ತಮ್ಮನಿಗೆ ಹೆಣ್ಣು ಹುಟ್ಟಿತ್ತು, ಹೆಸರಿಡುವ ಕಾರ್ಯ. ಆಯಿ ಆ ಸಲ ತಾನಾಗಿಯೇ ಹೋಗಿ ಬಾ ಎಂದಳು. ಹೋಗುವಾಗ ಕಾಕು ತೊಟ್ಟಿಯನ್ನು ನನಗೆ ಒಪ್ಪಿಸಿದಳು.

"ಎಲ್ಡ ದಿನ ಅಷ್ಟ. ಸೌತಿಕಾಯಿ ಒಂದ ಹೋಳ ಸಾಕು. ಮತ್ತೇನೂ ಮಾಡಬ್ಯಾಡ."

ಮರುದಿನ ಮಧ್ಯಾಹ್ನ ಸಾಲೆಗೆ ಸೂಟಿ. ಆಯಿ ಮಲಗಿದ್ದಳು, ಅವ್ವ ಮಗ್ಗದ ಖೋಲಿಯಲ್ಲಿ. ತೊಟ್ಟಿಯಲ್ಲಿ ಇನ್ನೆರಡು ಮರಿಗಳ ಚಿಪ್ಪು ತೂತು ಬಿದ್ದದ್ದನ್ನು ಕಂಡೆ. ಕಾಕು ಬರುವಷ್ಟರಲ್ಲಿ ಅವನ್ನು ನೆಟ್ಟಗೆ ಮಾಡಿಡಬೇಕು ಅನ್ನಿಸಿತು. ಖಡು ಇಲ್ಲದಿದ್ದರೇನು, ಅಡಿಗೆಮನೆಯ ಬಾಗಿಲ ಹಿಂದೆ ಆಯಿ ಎಲೆಯಡಿಕೆಗೆಂದು ನೆನೆಹಾಕಿದ ಸುಣ್ಣದ ಗಡಿಗೆ ಇತ್ತಲ್ಲ. ಕಾಕು ಅಂದದ್ದೂ ಸುಣ್ಣವೇ. ಮೊದಲು ಒಂದು ಚಮಚ ಹಾಕಿದೆ. ನೀರು ಹಾಲಿನಂತಾಯಿತು, ಚೆಂದ ಕಂಡಿತು. ಹುಳುಗಳೆಲ್ಲ ಬಾಗಿಲು ಹಾಕಿಕೊಂಡು ಪಟಪಟ ತಳಕ್ಕೆ ಬಿದ್ದವು. ನಾನು ಹೆದರಲಿಲ್ಲ. ಮುಟ್ಟಿದಾಗಲೂ ಹಾಗೇ ಬೀಳುತ್ತವೆ, ತಾವೇ ಬರುತ್ತವೆ, ಕಾಯಬೇಕು. ಕಾಯುತ್ತ, ಕಡಿಮೆಯಾಯಿತೇನೋ ಎಂದು ಗಡಿಗೆಯಲ್ಲಿದ್ದುದನ್ನೆಲ್ಲ ಬೆರಳಿನಿಂದ ಬಳಿದು ಬಳಿದು ಹಾಕಿದೆ.

ಬೆಳಿಗ್ಗೆ ಏಳುವಷ್ಟರಲ್ಲಿ ಪಡಸಾಲೆ ನಾರುತ್ತಿತ್ತು. ಹುಳುಗಳ ಬಾಗಿಲುಗಳು ತೆರೆದುಕೊಂಡಿದ್ದವು, ಮೈ ಸಡಿಲಾಗಿ ಹೊರಗೆ ಜೋತುಬಿದ್ದಿತ್ತು. ದೊಡ್ಡವು ನಾಲ್ಕೂ, ಮರಿಗಳಷ್ಟೂ. ಒಂದೂ ಉಳಿದಿರಲಿಲ್ಲ. ಬಿಳಿ ಪದರು ತಳದಲ್ಲಿ ಯಾವಾಗಲೂ ಇರುತ್ತಿದ್ದುದರಿಂದ ಅಪ್ಪನಿಗಾಗಲಿ ಅವ್ವನಿಗಾಗಲಿ ಏನೂ ಹೊಳೆಯಲಿಲ್ಲ. ಆಯಿ ಗೋಡೆ ಹಿಡಿದು ಕುಸಿದು ಕುಂತಳು.

"ಬಸವಣ್ಣನ ಹೆಸರಿನ ನೂರು ಜೀವ. ಆಕಿ ಹೊಸ್ತಿಲ ದಾಟೂದರಾಗ ಹ್ವಾದುವು. ಇದಕ್ಕಿಂತ ಇನ್ನ ಏನ ಹೇಳಬೇಕ ದೇವರು?"

ಕಾಕು ಮಧ್ಯಾಹ್ನದ ಬಸ್ಸಿಗೆ ಬಂದಳು. ಕೈಯಲ್ಲಿ ನನಗೆಂದು ತಂದ ಉಂಡಿಯ ಪೊಟ್ಟಣ. ತೊಟ್ಟಿಯ ಮುಂದೆ ನಿಂತು, ಬಳೆಗಳನ್ನು ಮೇಲೆ ಸರಿಸಿ, ನೀರಿಗೆ ಕೈ ಇಳಿಸಿದಳು. ತೆಗೆದು, ಹೆಬ್ಬೆರಳಿನಿಂದ ಬೆರಳುಗಳನ್ನು ತಿಕ್ಕಿ ನೋಡಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ನಾನು ಕೈಗಳನ್ನು ಹಿಂದೆ ಇಟ್ಟುಕೊಂಡಿದ್ದೆ. ಆಕೆ ಬಲಗೈಯನ್ನು ಎಳೆದು ಮುಂದೆ ತಂದಳು. ಸುಣ್ಣ ತಿಂದು ಬೆರಳ ತುದಿಗಳು ಸುಲಿದಿದ್ದವು. ಎಲ್ಲರೂ ಪಡಸಾಲೆಯಲ್ಲೇ ಇದ್ದರು. ಆಯಿ ಇನ್ನೂ ಅದನ್ನೇ ಹೇಳುತ್ತಿದ್ದಳು, ಈ ಹೆಣ್ಣಿನ ಕೈಯಲ್ಲಿ ಯಾವ ಜೀವವೂ ನಿಲ್ಲುವುದಿಲ್ಲ ಎಂದು. ಕಾಕು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿ, ಕೈ ಬಿಟ್ಟಳು. 'ನಾ ಹಾಕೀನಿ' ಎಂಬ ಎರಡು ಶಬ್ದ ನನ್ನ ನಾಲಿಗೆಯ ಮೇಲೆ ಇದ್ದವು, ಅವುಗಳ ರುಚಿ ಕೂಡ ನನಗೆ ನೆನಪಿದೆ. ಗೋಡೆಯಾಚೆ ಮಗ್ಗಗಳು ನಡೆದೇ ಇದ್ದವು. ಈ ಸದ್ದು ನಿಂತ ಮೇಲೆ ಹೇಳುತ್ತೇನೆ ಎಂದುಕೊಂಡೆ. ಸದ್ದು ನಿಂತಿತು. ಹೇಳಲಿಲ್ಲ.

ಆ ವಾರದಲ್ಲೇ ಕಾಕುವಿನ ತಮ್ಮನನ್ನು ಕರೆಸಿದರು. ಹಿರಿಯರು ಪಡಸಾಲೆಯಲ್ಲಿ ಕೂತು ಮಾತಾಡಿದರು. ಕಾಕಾ ಮೊದಲಿನಂತೆಯೇ ಎದ್ದು ಹೊರಗೆ ಹೋದ. ಕಾಕು ಟ್ರಂಕಿನಲ್ಲಿ ತನ್ನ ಸೀರೆಗಳನ್ನು ಇಟ್ಟುಕೊಂಡು, ಅವ್ವನಿಗೆ ಹೇಳಿ, ಆಯಿಯ ಕಾಲು ಮುಟ್ಟಿ ಹೋದಳು. ನನ್ನ ಬೆರಳುಗಳಿಗೆ ಹಚ್ಚಲು ಕೊಬ್ಬರಿ ಎಣ್ಣೆಯ ಬಟ್ಟಲನ್ನು ಅವ್ವನ ಕೈಗೆ ಕೊಟ್ಟು, 'ಒಲಿ ತಾಗೈತಿ ಅಕ್ಕಾ' ಎಂದಳಂತೆ. ಆಕೆ ಹೋಗುವಾಗ ನಾನು ಹಿತ್ತಲಲ್ಲಿ ಅಡಗಿದ್ದೆ.

ಬೀಳಗಿಯ ಸಂಬಂಧ ಗಟ್ಟಿಯಾದ ಮೇಲೆ, ಒಂದು ಬೆಳಿಗ್ಗೆ ಆಯಿ ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟುತ್ತ ಕುಂತಾಗ ನಾನು ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ಅಳುತ್ತ ಹೇಳಿದೆ. ಈಗ ಕಾಕುವನ್ನು ಕರೆತರುತ್ತಾರೆ ಎಂದುಕೊಂಡು ಹೇಳಿದೆ. ಆಯಿ ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ನನಗ ಅವತ್ತ ಸಂಜೀನ ಗೊತ್ತಾತು. ಗಡಿಗಿ ತಳಾ ಒಣಗಿತ್ತು."

"ಮತ್ತ ಕಾಕುನ ಯಾಕ ಕಳಿಸಿದಿ?"

"ಕಳಿಸೂದು ಇತ್ತು, ಕಳಿಸಿದ್ವಿ. ನೀ ಯಾರ ಮುಂದೂ ಆಡಬ್ಯಾಡ. ಹೆಣ್ಣ ಕೂಸು, ನಿನ್ನ ಹೆಸರಿಗೂ ಬರತೈತಿ."

ಸೆರಗಿನ ಗಂಟಿನಿಂದ ಬೆಲ್ಲದ ತುಂಡು ತೆಗೆದು ನನ್ನ ಕೈಗಿಟ್ಟಳು. ನಾನು ತಿಂದೆ. ಈ ಅಧ್ಯಾಯದಲ್ಲಿ ಬರೆಯಲು ನನಗೆ ಎಲ್ಲಕ್ಕಿಂತ ಕಷ್ಟವಾದ ಮಾತು ಅದು. ನಾನು ಅದನ್ನು ತಿಂದೆ, ಹಗುರವೂ ಆದೆ.

ಹೊಸ ಕಾಕು ಬಂದಳು. ಆಕೆ ಕೆಟ್ಟವಳಾಗಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಆಗಿರಲಿಲ್ಲ. ಎರಡನೆಯ ವರ್ಷಕ್ಕೆ ಸಂಗಮೇಶ ಹುಟ್ಟಿದ. ಅವನನ್ನು ಸೊಂಟದ ಮೇಲೆ ಹೊತ್ತು ಓಣಿಯೆಲ್ಲ ತಿರುಗಿದವಳು ನಾನು. ಅವನ ಮೇಲೆ ನನಗಿರುವ ಅಕ್ಕರೆಗೂ ಆ ಸುಣ್ಣಕ್ಕೂ ಇರುವ ಸಂಬಂಧವನ್ನು ನೆನೆದರೆ ನನಗೆ ತಲೆ ನಿಲ್ಲುವುದಿಲ್ಲ. ಖಾಲಿ ತೊಟ್ಟಿಯಲ್ಲಿ ಅಪ್ಪ ನೂಲಿನ ಕೋನುಗಳನ್ನು ತುಂಬಿಟ್ಟ. ನಾನು ಓದಿದೆ, ಜಮಖಂಡಿಯ ಒಂದು ಸಾಲೆಯಲ್ಲಿ ಶಿಕ್ಷಕಿಯಾದೆ. ಮಾತಾಡುವುದೇ ನನ್ನ ಕೆಲಸ, ಆದರೆ ಬೇಕಾದಾಗ ನನಗೆ ಮಾತು ಬರುವುದಿಲ್ಲ. ಒಮ್ಮೆ ಬಿಸಿಯೂಟದ ಅಡಿಗೆಯವಳ ಮೇಲೆ ಎಣ್ಣೆ ಕದ್ದ ಅಪವಾದ ಬಂತು. ಒಯ್ದವರು ಯಾರೆಂದು ನಾನು ಕಣ್ಣಾರೆ ಕಂಡಿದ್ದೆ. ಸಭೆಯಲ್ಲಿ ಕುಂತು ನನ್ನ ಅಂಗೈ ನೋಡಿಕೊಳ್ಳುತ್ತ ಇದ್ದುಬಿಟ್ಟೆ. ಆಕೆ ಕೆಲಸ ಬಿಟ್ಟು ಹೋದಳು. ಬಾಗಲಕೋಟೆಗೆ ತರಬೇತಿಗೆಂದು ಹೋಗುವಾಗ ಬಸ್ಸು ಮುಧೋಳದಲ್ಲಿ ನಿಲ್ಲುತ್ತದೆ. ನಾನು ಕಿಟಕಿಯ ಪರದೆ ಎಳೆದುಕೊಳ್ಳುತ್ತಿದ್ದೆ.

ಈ ವರ್ಷ ಸಂಗಮೇಶನ ಮದುವೆ ಗೊತ್ತಾಯಿತು. ಕರೆಯಬೇಕಾದವರ ಯಾದಿ ಬರೆಯುವಾಗ ಮುಧೋಳದ ಹೆಸರನ್ನು ಯಾರೂ ಎತ್ತಲಿಲ್ಲ. ಅದರ ಮುಂದಿನ ಭಾನುವಾರ ನಾನು ಒಬ್ಬಳೇ ಹೋದೆ. ತಮ್ಮನ ಮನೆಯ ಪಕ್ಕದಲ್ಲೇ ಎರಡು ಖೋಲಿ ಮಾಡಿಕೊಂಡು, ಹೆಂಗಸರ ಜಂಪರ ಹೊಲಿದುಕೊಂಡಿದ್ದಾಳೆ ಎಂದು ಕೇಳಿದ್ದೆ. ಬಾಗಿಲಲ್ಲಿ ನಿಂತಾಗ ಹೊಲಿಗೆ ಯಂತ್ರದ ಮೇಲಿನಿಂದ ತಲೆ ಎತ್ತಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬರ್ರಿ, ಒಳಗ ಬರ್ರಿ. ಅಳತಿ ಜಂಪರ ತಂದೀರೇನ್ರಿ?"

"ಕಾಕು, ನಾ ಗೌರಿ. ಬನಹಟ್ಟಿ ಗೌರಿ."

ಆಕೆ ಕನ್ನಡಕ ತೆಗೆದು ನೋಡಿದಳು. ಕುಂಡ್ರರಿ ಎಂದಳು. ನೀರು ಕೊಟ್ಟಳು, ಚಹಾ ಮಾಡಿ ತಂದಳು. ಅವ್ವ ಹೇಗಿದ್ದಾಳೆ, ಮಗ್ಗ ಇನ್ನೂ ನಡೆಸುತ್ತಾರಾ, ನಿಮಗೆ ಮಕ್ಕಳೆಷ್ಟು ಎಂದು ಕೇಳಿದಳು. ಎಲ್ಲದಕ್ಕೂ ರೀ ಹಚ್ಚಿ. ನನ್ನ ತಲೆ ಹಿಕ್ಕಿದವಳು. ನಾನು ಚಹಾ ಮುಟ್ಟದೆ ಎಲ್ಲ ಹೇಳಿದೆ, ಖಡುವಿನಿಂದ ಹಿಡಿದು ಆಯಿ ಕೊಟ್ಟ ಬೆಲ್ಲದ ತನಕ. ಮುಗಿದ ಮೇಲೆ ಆಕೆ ತೊಡೆಯ ಮೇಲಿದ್ದ ಅರಿವೆಯ ಸುಕ್ಕು ತೀಡುತ್ತ ಕೇಳಿದಳು:

"ಅವತ್ತ ನಿನಗ ಎಷ್ಟ ವರ್ಷ?"

"ಹತ್ತು."

"ಹತ್ತ ವರ್ಷದ ಕೂಸಿನ ಮ್ಯಾಲ ನನಗ ಎಂದೂ ಸಿಟ್ಟಿದ್ದಿಲ್ಲ. ನಿನ್ನ ಹೆಸರ ಹೇಳಬಾರದಂತ ನಾನ ಬಾಯಿ ಮುಚ್ಚಿಕೊಂಡ ಬಂದೆ."

ನಾನು ಅಳತೊಡಗಿದ್ದೆ. ಆಕೆಯ ಕಣ್ಣು ಒಣಗಿಯೇ ಇದ್ದವು.

"ಆಮ್ಯಾಲ ಇಪ್ಪತ್ತು ಆತು. ಮೂವತ್ತು ಆತು. ಸಾಲಿ ಕಲಸಾಕಿ ಆದಿ. ಇಲ್ಲೆ ಜಮಖಂಡ್ಯಾಗ ಅದೀ ಅಂತ ನನಗ ಗೊತ್ತಿತ್ತು. ಜಮಖಂಡಿಯಿಂದ ಮುಧೋಳಕ್ಕ ಬಸ್ಸಿಗೆ ಎಷ್ಟ ಹೊತ್ತ ಬೇಕ ಗೌರಿ?"

"ಒಂದ ತಾಸು, ಕಾಕು," ಅಂದೆ.

"ಹೂಂ," ಅಂದಳು. ತಣ್ಣಗಾದ ಚಹಾದ ಕಪ್ಪನ್ನು ನನ್ನ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದಳು. ನೀರು ಬಿಡುವ ಸದ್ದು, ಕಪ್ಪು ತೊಳೆಯುವ ಸದ್ದು ಕೇಳಿಸಿತು. ಆಮೇಲೆ ಆಕೆ ಹೊರಗೆ ಬರಲಿಲ್ಲ. ನಾನು ಬಹಳ ಹೊತ್ತು ಕುಂತೆ, ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.